ಮೂವತ್ತನೆಯ ನಿಮಿಷದ ಬೆಳಕನ್ನು ಅಳೆದವರು

ವಾಹನದ ಹೆಡ್‌ಲೈಟನ್ನು ಕತ್ತಲೆಯಲ್ಲಿ ಕೂರಿಸಿ, ಅದು ರಸ್ತೆಯ ಯಾವ ಬಿಂದುವಿಗೆ ಎಷ್ಟು ಬೆಳಕು ಚೆಲ್ಲುತ್ತದೆ, ಎದುರಿನಿಂದ ಬರುವವರ ಕಣ್ಣನ್ನು ಎಷ್ಟು ಕುಕ್ಕುತ್ತದೆ ಎಂದು ಅಳೆದು ಬರೆಯುವ ವಿದ್ಯೆಗೆ ದೊಡ್ಡ ಹೆಸರೇನೂ ಇಲ್ಲ. ಸೇತುವೆ ಕಟ್ಟಿಸಿದವರಿಗೆ ಶಿಲಾಫಲಕವಿದೆ, ಎಂಜಿನ್ ರೂಪಿಸಿದವರಿಗೆ ಪದಕವಿದೆ. ದೀಪ ಅಳೆದವರಿಗೆ ಕೊನೆಗೆ ಸಿಗುವುದು ದಪ್ಪ ಗಾಜಿನ ಕನ್ನಡಕ. ಆ ವಿದ್ಯೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಹ್ಯಾಲೊಜನ್ ದೀಪಗಳ ಕಾಲದಲ್ಲಿ ಒಳಗೆ ಬಂದು ಎಲ್‌ಇಡಿ ದೀಪಗಳ ಕಾಲದಲ್ಲಿ ನಿವೃತ್ತರಾಗಿರುವ ನಮ್ಮ ಪ್ರಯೋಗಾಲಯದ ಹಿರಿಯರು, ಈ ಎರಡರ ಗುಣಾವಗುಣಗಳನ್ನು ಅವರಷ್ಟು ಬಲ್ಲವರು ವಿರಳವೆಂದು ಈ ಕ್ಷೇತ್ರದಲ್ಲಿ ಎಲ್ಲರಿಂದ ಮಾನ್ಯರಾದವರು. ಎದುರಿಗೆ ನಾವು ಅವರನ್ನು ‘ಸಾರ್’ ಎನ್ನುತ್ತೇವೆ. ಬೆನ್ನ ಹಿಂದೆ ‘ಕತ್ತಲೆ ಮೇಷ್ಟ್ರು’. ಈ ಹೆಸರು ಅವರಿಗೆ ಗೊತ್ತಿಲ್ಲವೆಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆವು. ಮೊನ್ನೆ ಅವರೇ, “ನನ್ನ ಬಗ್ಗೆ ಬರೀತೀಯಂತಲ್ಲ, ಆ ಕತ್ತಲೆ ಹೆಸರು ಬಿಟ್ಟುಬಿಡಬೇಡ ಕಣಮ್ಮ, ನಾನು ಸಂಪಾದಿಸಿದ ಬಿರುದು ಅದೊಂದೇ” ಎಂದು ನನ್ನ ಮುಖದ ನೀರಿಳಿಸಿದರು.

ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಬರೆದ ಪತ್ರದಲ್ಲಿ, ಸೇವಾವಧಿಯ ಸಾಧನೆಗಳನ್ನು ವಿವರವಾಗಿಯೂ ಕೊನೆಯ ವರ್ಷದ ‘ಆ ಪ್ರಕರಣ’ವನ್ನು ಸೂಕ್ಷ್ಮವಾಗಿಯೂ ಬರೆಯಬೇಕೆಂದು ಕೋರಿದ್ದರು. ಸೂಕ್ಷ್ಮವಾಗಿ ಬರೆಯುವುದು ನನ್ನ ಜಾಯಮಾನದಲ್ಲೇ ಇಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನನ್ನ ಅತ್ತೆಯವರಿಂದ ಹಿಡಿದು ನಮ್ಮ ನಿರ್ದೇಶಕರವರೆಗೆ ಎಲ್ಲರೂ ಹೇಳುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಸಾರ್ ಮತ್ತು ನಾನು ಇಬ್ಬರೂ ಸಹಿ ಹಾಕಿದ ಒಂದು ವರದಿಯಿಂದ ಒಬ್ಬ ಆಂಬ್ಯುಲೆನ್ಸ್ ಚಾಲಕರ ಕೆಲಸವೂ ಮಾನವೂ ಹೋಗುವುದರಲ್ಲಿತ್ತು, ಆ ವರದಿ ತಪ್ಪಾಗಿತ್ತು. ಸರಿಯಾದ ಸಾವಿರಾರು ವರದಿಗಳ ಬಗ್ಗೆ ಈ ಗ್ರಂಥದಲ್ಲಿ ಬೇರೆಯವರು ಬರೆಯುತ್ತಾರೆ. ನಾನು ಆ ಒಂದರ ಬಗ್ಗೆ ಬರೆಯುತ್ತೇನೆ.

ಸಾರ್ ಕಿರಿಯ ಸಹಾಯಕರಾಗಿ ಸೇರಿದಾಗ ಪ್ರಯೋಗಾಲಯವೆಂದರೆ ಒಂದು ಗೋದಾಮಿನ ಹಿಂಭಾಗವಷ್ಟೇ ಆಗಿತ್ತಂತೆ. ಇಂದಿನ ಕತ್ತಲೆ ಸುರಂಗವನ್ನು ಹಟ ಹಿಡಿದು ಕಟ್ಟಿಸಿದವರು ಅವರು. ಮೂವತ್ತು ಮೀಟರ್ ಉದ್ದದ, ಕಿಟಕಿಯೇ ಇಲ್ಲದ ಓಣಿ. ಗೋಡೆ, ನೆಲ, ಚಾವಣಿ, ಬಾಗಿಲ ಚಿಲಕ ಕೂಡ ಮಾಸಲು ಕಪ್ಪು. ಒಂದು ತುದಿಯಲ್ಲಿ ದೀಪ ಕೂರಿಸುವ ತಿರುಗುಮೇಜು, ಅಲ್ಲಿಂದ ಇಪ್ಪತ್ತೈದು ಮೀಟರ್ ಆಚೆ ಬೆಳಕು ಅಳೆಯುವ ಮೀಟರಿನ ಕಣ್ಣು. ಹೊಳೆಯುವ ಗಡಿಯಾರ, ಬಳೆ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ಬಿಳಿ ಅಂಗಿ ತೊಟ್ಟು ತಪಾಸಣೆಗೆ ಬಂದ ಹಿರಿಯ ಅಧಿಕಾರಿಯೊಬ್ಬರಿಗೆ ಕಪ್ಪು ಕೋಟು ಹೊದಿಸಿ, “ಕ್ಷಮಿಸಿ ಸಾರ್, ದೀಪಕ್ಕಿಂತ ನಿಮ್ಮ ಅಂಗಿನೇ ಜಾಸ್ತಿ ಹೊಳೀತಿದೆ” ಎಂದಿದ್ದರು. ಆ ಅಧಿಕಾರಿ ನಕ್ಕರೋ ಮುನಿದರೋ ಕತ್ತಲೆಯಲ್ಲಿ ಯಾರಿಗೂ ಕಾಣಲಿಲ್ಲ.

ನಾನು ಸೇರಿದ ಮೊದಲ ವಾರ ಒಂದು ದೀಪ ನೋಡಿ “ಪರವಾಗಿಲ್ಲ ಸಾರ್” ಎಂದೆ. ಅವರು ಪೆನ್ನು ಕೆಳಗಿಟ್ಟರು. “ಪರವಾಗಿಲ್ಲ ಅನ್ನೋದು ಅಳತೆ ಅಲ್ಲ. ಎಷ್ಟು, ಅದನ್ನ ಹೇಳು.” ಅಂದಿನಿಂದ ನಮ್ಮ ಸುರಂಗದಲ್ಲಿ ಆ ಪದಕ್ಕೆ ನಿಷೇಧ. ಒಬ್ಬರು ಮೀಟರ್ ಓದಬೇಕು, ಇನ್ನೊಬ್ಬರು ಕೈಯಲ್ಲಿ ಬರೆದು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು. ಓದಿದವರು ಹೂಂಗುಟ್ಟಿದ ಮೇಲೆಯೇ ಮುಂದಿನ ಅಂಕಿ. ಕಂಪ್ಯೂಟರು ಬಂದ ಮೇಲೂ ಈ ಪದ್ಧತಿಯನ್ನು ಅವರು ಬಿಡಲಿಲ್ಲ, ನಮ್ಮನ್ನೂ ಬಿಡಗೊಡಲಿಲ್ಲ.

ಹ್ಯಾಲೊಜನ್ ದೀಪದ ಸ್ವಭಾವವನ್ನು ಅವರು ನನಗೆ ಹೇಳಿಕೊಟ್ಟದ್ದು ಹೊಸ ಸೊಸೆಗೆ ಮನೆಯ ಹಿರಿಯರ ಸ್ವಭಾವ ಹೇಳಿಕೊಟ್ಟ ಹಾಗಿತ್ತು. ಹಳದಿ ಬೆಳಕು, ಕರೆಂಟು ಜಾಸ್ತಿ ತಿನ್ನುತ್ತದೆ, ವೋಲ್ಟೇಜ್ ಒಂದಿಷ್ಟು ಇಳಿದರೂ ಮಂಕಾಗಿಬಿಡುತ್ತದೆ. ಒಳಗಿನ ತಂತಿ ಕೂದಲೆಳೆಯಷ್ಟು ಸರಿದರೂ ಬೆಳಕು ರಸ್ತೆ ಬಿಟ್ಟು ಮರದ ಮೇಲೆ ಹೋಗುತ್ತದೆ. ಆದರೆ ತನ್ನ ಶಾಖವನ್ನು ಬೆಳಕಿನ ಜೊತೆಯಲ್ಲೇ ಮುಂದಕ್ಕೆ ಎಸೆಯುವುದರಿಂದ ಗಾಜಿನ ಮೇಲಿನ ಮಂಜು ತಾನೇ ಆರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊತ್ತಿಕೊಂಡ ಮೊದಲ ನಿಮಿಷದಲ್ಲಿ ಎಷ್ಟು ಬೆಳಕೋ ಗಂಟೆ ಕಳೆದರೂ ಹೆಚ್ಚುಕಡಿಮೆ ಅಷ್ಟೇ. “ಕೋಪಿಷ್ಠ, ಆದ್ರೆ ಮಾತಿಗೆ ತಪ್ಪಲ್ಲ. ನಿನ್ನ ಹಾಗೆ” ಎಂದರು.

ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಏಳನೆಯ ತಿಂಗಳವರೆಗೂ ನಾನು ಸುರಂಗದಲ್ಲೇ ಕೆಲಸ ಮಾಡಿದೆ. ಗಾಳಿಯಿಲ್ಲದ ಆ ಓಣಿಯಲ್ಲಿ ಒಂದು ಮಧ್ಯಾಹ್ನ ತಲೆಸುತ್ತಿ ತಿರುಗುಮೇಜಿನ ಪಕ್ಕದಲ್ಲೇ ಕುಸಿದೆ. ಮಾರನೆಯ ಬೆಳಿಗ್ಗೆ ಸಾರ್ ತಮ್ಮ ಮನೆಯ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಅದಕ್ಕೂ ಮಾಸಲು ಕಪ್ಪು ಬಳಿದು ನಾನು ಕೂರುವ ಕಡೆ, ಅಂದರೆ ದೀಪದ ಪಕ್ಕದಲ್ಲಿ, ಇಟ್ಟರು. ಅವರ ಮನೆಯವರು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲವೆಂದು ಆಮೇಲೆ ತಿಳಿಯಿತು. ಅಷ್ಟಕ್ಕೇ ಬಿಡದೆ, ಯಾರಾದರೂ ತಕರಾರು ತೆಗೆದಾರೆಂದು ಹ್ಯಾಲೊಜನ್ ದೀಪವೊಂದನ್ನು ಫ್ಯಾನ್ ಹಾಕಿಯೂ ಆರಿಸಿಯೂ ಇಡೀ ದಿನ ಅಳೆದರು. ಎಳ್ಳಷ್ಟೂ ವ್ಯತ್ಯಾಸ ಬರಲಿಲ್ಲ. ನಮ್ಮ ಕಾರ್ಯವಿಧಾನದ ಪುಸ್ತಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ‘ಅಳತೆಯ ವೇಳೆ ಫ್ಯಾನ್ ಇದ್ದರೂ ಅಡ್ಡಿಯಿಲ್ಲ’ ಎಂದು ಬರೆದು, ಸಹಿ ಮಾಡಿ, ತಾರೀಕು ಹಾಕಿದರು. ಆ ಸಾಲನ್ನು ಓದಿ ನಾನು ಅತ್ತಿದ್ದೆ.

ಎಲ್‌ಇಡಿ ದೀಪಗಳು ಬಂದಾಗ ಅವುಗಳ ಸ್ವಭಾವವನ್ನೂ ಅವರೇ ಬಿಡಿಸಿ ಹೇಳಿದರು. ಬೆಳಕು ಬೆಳ್ಳಗೆ, ಅಂಚು ಕತ್ತರಿಸಿದ ಹಾಗೆ ಚೂಪು, ಕರೆಂಟು ಅರ್ಧಕ್ಕಿಂತ ಕಡಿಮೆ. ಆದರೆ ಇದು ಶಾಖವನ್ನು ಮುಂದಕ್ಕೆ ಎಸೆಯುವುದಿಲ್ಲ, ಬೆನ್ನಿಗೆ ಕಟ್ಟಿಕೊಳ್ಳುತ್ತದೆ. ಬೆನ್ನು ಕಾದಷ್ಟೂ ಬೆಳಕು ಕುಗ್ಗುತ್ತದೆ. ಆದ್ದರಿಂದ ಮೊದಲ ನಿಮಿಷದಲ್ಲಿ ಒಮ್ಮೆ, ಮೂವತ್ತನೆಯ ನಿಮಿಷದಲ್ಲಿ ಮತ್ತೊಮ್ಮೆ ಅಳೆಯಲೇಬೇಕು. ಆಂಬ್ಯುಲೆನ್ಸ್ ಸೇವೆಯವರು ತಮ್ಮ ವಾಹನಗಳ ಹಳೆಯ ಹ್ಯಾಲೊಜನ್ ಹೆಡ್‌ಲೈಟಿಗೂ ಹೊಸದಾಗಿ ಹಾಕಿಸಬೇಕೆಂದಿದ್ದ ಎಲ್‌ಇಡಿ ಹೆಡ್‌ಲೈಟಿಗೂ ಹೋಲಿಕೆ ಕೇಳಿದಾಗ ಹಾಗೆಯೇ ಅಳೆದೆವು. ಬೆಳಕನ್ನು ಅಳೆಯುವ ಮಾನ ಲಕ್ಸ್; ಮುಖ್ಯ ಬಿಂದುವಿನಲ್ಲಿ ಹ್ಯಾಲೊಜನ್ ಹದಿನಾರು ಲಕ್ಸ್. ಎಲ್‌ಇಡಿ ಮೊದಲ ನಿಮಿಷದಲ್ಲಿ ಮೂವತ್ತೊಂದು, ಮೂವತ್ತನೆಯ ನಿಮಿಷದಲ್ಲಿ ಮೂವತ್ತು. ಕನಿಷ್ಠ ಇರಬೇಕಾದದ್ದು ಹನ್ನೆರಡು. ‘ಹ್ಯಾಲೊಜನ್‌ಗಿಂತ ಸುಮಾರು ಎರಡು ಪಟ್ಟು; ಬೆಳಕು ಸ್ಥಿರ’ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಇನ್ನೂರು ಆಂಬ್ಯುಲೆನ್ಸುಗಳಿಗೆ ಆ ದೀಪ ಬಂತು.

ಎಂಟು ತಿಂಗಳಾದ ಮೇಲೆ, ಒಂದು ಮುಂಜಾವದ ಕತ್ತಲಲ್ಲಿ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಬಿಟ್ಟು ಮರಳುತ್ತಿದ್ದ ಆಂಬ್ಯುಲೆನ್ಸ್ ಒಂದು ಏರುದಾರಿಯ ತಿರುವಿನಲ್ಲಿ ಕಲ್ಲಿನ ತಡೆಗೋಡೆಗೆ ಗುದ್ದಿತು. ಹಿಂದೆ ಕೂತಿದ್ದ ನರ್ಸಮ್ಮನವರ ಸೊಂಟದ ಮೂಳೆ ಮುರಿಯಿತು. ಚಾಲಕರು ಹೇಳಿದ್ದು ಒಂದೇ ಮಾತು: “ಲೈಟ್ ಉರೀತಿತ್ತು, ತಿರುವು ಕಾಣ್ಲಿಲ್ಲ.” ಬೆಳಗಾದ ಮೇಲೆ ಮೆಕ್ಯಾನಿಕ್ ಬಂದು ಒಡೆಯದೆ ಉಳಿದಿದ್ದ ದೀಪವನ್ನು ಹಾಕಿ ನೋಡಿ ಫಸ್ಟ್ ಕ್ಲಾಸ್ ಎಂದ. ನಮ್ಮ ವರದಿ ತೆಗೆದು ನೋಡಿದರೆ ‘ಬೆಳಕು ಸ್ಥಿರ’. ಅಲ್ಲಿಗೆ ಮುಗಿಯಿತು, ಚಾಲಕ ತೂಕಡಿಸಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ಹದಿನೆಂಟು ವರ್ಷ ಒಂದು ಗೀರೂ ಬೀಳದಂತೆ ಗಾಡಿ ಓಡಿಸಿದ ಮನುಷ್ಯನನ್ನು ಕೆಲಸದಿಂದ ತೆಗೆದು ಮೊಕದ್ದಮೆ ಹೂಡಲು ನಾಲ್ಕು ತಿಂಗಳ ಮೇಲಿನ ಒಂದು ಗುರುವಾರ ಹನ್ನೊಂದಕ್ಕೆ ವಿಚಾರಣೆ ಗೊತ್ತಾಯಿತು.

ಆ ವಾರದ ಸೋಮವಾರ ಚಾಲಕರು ನಮ್ಮಲ್ಲಿಗೆ ಬಂದರು. “ಮೇಡಂ, ಒಂದೇ ಒಂದು ಸಲ ಆ ಲೈಟ್ ಹಾಕಿ ತೋರ್ಸಿ. ಸರಿಯಿದ್ರೆ ನಾನೇ ನಿದ್ದೆ ಮಾಡ್ದೆ ಅಂತ ಬರ್ಕೊಟ್ಟು ಹೋಗ್ತೀನಿ.”

“ನಮ್ಮ ವರದಿ ಓದಿದ್ದೀರಾ?”

“ಓದಿಸ್ಕೊಂಡೆ ಮೇಡಂ. ಅದರಲ್ಲಿ ಎಲ್ಲಾ ಸರಿಯಾಗೇ ಇದೆ.”

“ಮತ್ತೆ ಇನ್ನೇನು ಬೇಕು ನಿಮಗೆ?” ಎಂದೆ. ಹಾಗೆ ಅಂದ ನನ್ನ ಬಾಯಿಯನ್ನು ಇಂದಿಗೂ ಶಪಿಸಿಕೊಳ್ಳುತ್ತೇನೆ. ಅವರು ಹೊರಗಿನ ಬೆಂಚಿನಲ್ಲಿ ಹೋಗಿ ಕೂತರು. ಸಂಜೆ ಬೀಗ ಹಾಕುವವರೆಗೂ ಕೂತಿದ್ದರು. ಮಂಗಳವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮತ್ತೆ ಅಲ್ಲೇ ಇದ್ದರು. ಸಾರ್ ಒಳಗೆ ಬಂದವರೇ, “ಯಾರದು?” ಎಂದರು. ಹೇಳಿದೆ, ನಮ್ಮ ವರದಿ ಸರಿಯಿದೆ ಎಂದು ತಿಳಿಸಿ ಕಳಿಸಿದ್ದೇನೆಂದೂ ಹೇಳಿದೆ.

“ಸರಿಯಿದ್ರೆ ಇನ್ನೊಂದ್ಸಲ ಅಳೆಯೋಕೆ ನಮಗೇನು ಭಯ?” ಎಂದು ಅವರು ಚಾಲಕರನ್ನು ತಾವೇ ಕರೆದುಕೊಂಡು ಬಂದು, ಕಪ್ಪು ಕೋಟು ತೊಡಿಸಿ, ಸುರಂಗದಲ್ಲಿ ನನ್ನ ಕುರ್ಚಿಯಲ್ಲೇ ಕೂರಿಸಿದರು.

ನಮ್ಮಲ್ಲಿ ಉಳಿದಿದ್ದ ಅದೇ ಮಾದರಿಯ ದೀಪವನ್ನು ಹೊತ್ತಿಸಿದೆವು. ಮೊದಲ ನಿಮಿಷ ಮೂವತ್ತೊಂದು. ಮೂವತ್ತನೆಯ ನಿಮಿಷ ಮೂವತ್ತು. ವರದಿಯಲ್ಲಿದ್ದ ಹಾಗೇ. ನನಗೆ ಒಳಗೊಳಗೇ ಗೆದ್ದ ಸಂತೋಷ, ಸುಳ್ಳೇಕೆ ಹೇಳಲಿ. ಚಾಲಕರು ಮೆಲ್ಲಗೆ ಎದ್ದರು. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, “ಪೆನ್ ಕೊಡಿ ಸಾರ್. ಹಾಗಾದ್ರೆ ನಾನೇ ಮಲಗಿದ್ದೆ ಅಂತ ಕಾಣುತ್ತೆ” ಎಂದರು. ಸಾರ್ ಪೆನ್ ಕೊಡಲಿಲ್ಲ. ಚಾಲಕರು ಕಪ್ಪು ಕೋಟಿನ ಗುಂಡಿ ಬಿಚ್ಚುತ್ತಾ ಸುಮ್ಮನೆ ಒಂದು ಮಾತಾಡಿದರು: “ಇಲ್ಲಿ ಗಾಳಿ ಚೆನ್ನಾಗಿದೆ ಸಾರ್. ಅವತ್ತು ಲಾರಿ ಹಿಂದೆ ತೆವಳ್ಕೊಂಡು ಏರು ಹತ್ತುವಾಗ ಒಳಗೆ ಬೆಂದುಹೋಗಿದ್ವಿ.”

“ಏನಂದ್ರಿ?”

“ಬೆಂದುಹೋಗಿದ್ವಿ ಅಂದೆ ಸಾರ್. ಸೆಖೆ.”

ಸಾರ್ ಕೈ ಚಾಚಿ ಫ್ಯಾನ್ ಆರಿಸಿದರು. “ದೀಪ ಪೂರ್ತಿ ತಣ್ಣಗಾಗಲಿ. ಆ ಗಾಡಿಯ ಮೂತಿಯ ಪ್ಲಾಸ್ಟಿಕ್ ಕವಚ ತರಿಸಿ ಸುತ್ತ ಕೂರಿಸು. ಮತ್ತೆ ಮೊದಲಿಂದ” ಎಂದರು.

ಮಧ್ಯಾಹ್ನ ಎರಡಕ್ಕೆ ಶುರು ಮಾಡಿದೆವು. ನಾನು ಓದುವುದು, ಅವರು ಬರೆದು ತಿರುಗಿ ಹೇಳುವುದು. ಮೂವತ್ತೊಂದು. ಮೂವತ್ತೊಂದು. ಐದನೆಯ ನಿಮಿಷಕ್ಕೆ ಇಪ್ಪತ್ತೊಂಬತ್ತು. ಹತ್ತಕ್ಕೆ ಇಪ್ಪತ್ತೈದು. ನಾನು ಕಣ್ಣುಜ್ಜಿಕೊಂಡು ಮತ್ತೆ ಓದಿದೆ; ಇಪ್ಪತ್ತೈದೇ. ಹದಿನೈದಕ್ಕೆ ಇಪ್ಪತ್ತು. ತಂತಿ ಸಡಿಲವಾಗಿರಬೇಕೆಂದು ಕೈ ಹಾಕಲು ಹೋದರೆ, “ಮುಟ್ಟಬೇಡ. ಓದು” ಎಂದರು. ವಿಚಿತ್ರವೆಂದರೆ ನನ್ನ ಕಣ್ಣಿಗೆ ಎದುರಿನ ಗೋಡೆಯ ಬೆಳಕು ಮೊದಲಿದ್ದಂತೆಯೇ ಕಾಣುತ್ತಿತ್ತು. ಇಪ್ಪತ್ತನೆಯ ನಿಮಿಷಕ್ಕೆ, ನಾನು ಹದಿನಾರು ಎಂದು ಓದಿದ ಮೇಲೆ, ಸಾರ್ ಚಾಲಕರನ್ನು ಕೇಳಿದರು: “ನಿಮಗೇನಾದ್ರೂ ವ್ಯತ್ಯಾಸ ಗೊತ್ತಾಗ್ತಿದೆಯಾ?”

“ಇಲ್ಲ ಸಾರ್. ಹಾಗೇ ಇದೆ” ಎಂದರು ಅವರು, ಪ್ರಾಮಾಣಿಕವಾಗಿ, ತಮ್ಮ ಕೊರಳಿಗೆ ತಾವೇ ಹಗ್ಗ ಹಾಕಿಕೊಳ್ಳುವಂತೆ.

ಮೂವತ್ತನೆಯ ನಿಮಿಷ. “ಹನ್ನೊಂದು” ಎಂದೆ. “ಹನ್ನೊಂದು” ಎಂದು ಸಾರ್ ಬರೆದರು. ಆಮೇಲೆ ಪಕ್ಕದಲ್ಲಿದ್ದ ಹಳೆಯ ಹ್ಯಾಲೊಜನ್ ದೀಪವನ್ನು ಹೊತ್ತಿಸಿದರು. ಗೋಡೆಯ ಮೇಲೆ ಎರಡು ಬೆಳಕು ಅಕ್ಕಪಕ್ಕ ಬಿದ್ದವು. ನಾವೆಲ್ಲ ಹಳತೆಂದು ಮೂಲೆಗೆ ಸರಿಸಿದ್ದ ಆ ಹಳದಿ ಬೆಳಕಿನ ಪಕ್ಕದಲ್ಲಿ ಹೊಸ ಬಿಳಿ ಬೆಳಕು ಮುಸುಕು ಹೊದ್ದಂತೆ ಮಂಕಾಗಿತ್ತು. ಸ್ವಲ್ಪ ಸ್ವಲ್ಪವೇ ಕುಗ್ಗಿದ್ದರಿಂದ ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಂಡುಬಿಟ್ಟಿತ್ತು. ಚಾಲಕರು ಕುರ್ಚಿಯಿಂದ ದಡಕ್ಕನೆ ಎದ್ದರು.

“ಅಯ್ಯೋ ದೇವ್ರೇ. ಇಷ್ಟೇ ಬೆಳಕಲ್ಲೇನಾ ನಾನು ಓಡ್ಸಿದ್ದು?”

ಸಾರ್ ಕಾರ್ಯವಿಧಾನದ ಪುಸ್ತಕ ತರಿಸಿ ತಮ್ಮದೇ ಸಾಲನ್ನು ಓದಿಕೊಂಡರು. ನಾನು ಸುಮ್ಮನಿರಲಾರದೆ, ಇದೊಂದು ದೀಪವೇ ಕೆಟ್ಟಿರಬಹುದು ಎಂದೆ. “ಇನ್ನೊಂದು ತಗೊಂಡು ಬಾ” ಎಂದರು. ಇನ್ನೊಂದೂ ಹನ್ನೊಂದಕ್ಕೇ ಇಳಿಯಿತು. ಚಾಲಕರು ಹೋದ ಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಫ್ಯಾನ್ ಬಂದದ್ದು ನನಗಾಗಿ, ಅಂದು ಅಳತೆಗೆ ಕೂತು ಅದನ್ನು ಹಾಕಿದವಳೂ ನಾನೇ. “ನಿನಗೆ ಸೆಖೆಯಾಗಿದ್ದು ತಪ್ಪಲ್ಲ ಕಣಮ್ಮ. ಹ್ಯಾಲೊಜನ್ ನೋಡಿ ಬರೆದ ಮಾತನ್ನ ಎಲ್‌ಇಡಿ ಬಂದ ಮೇಲೂ ಅಳಿಸದೆ ಬಿಟ್ಟೆನಲ್ಲ, ಅದು ತಪ್ಪು. ಬೆನ್ನು ಕಾಯುತ್ತೆ ಅಂತ ಪಾಠ ಹೇಳ್ದೋನು ನಾನು, ಅದೇ ಬೆನ್ನಿಗೆ ಗಾಳಿ ಬೀಸಿ ಅಳೆದೋನೂ ನಾನು” ಎಂದರು.

ಬುಧವಾರ ನಿರ್ದೇಶಕರು ಇಬ್ಬರನ್ನೂ ಕರೆಸಿದರು. ಸಾರ್ ಅವರ ನಿವೃತ್ತಿಗೆ ಮೂರು ತಿಂಗಳಿತ್ತು. ಇನ್ನೆರಡು ವರ್ಷ ಸಲಹೆಗಾರರಾಗಿ ಮುಂದುವರಿಸುವ ಆದೇಶ ಸಿದ್ಧವಾಗಿ ನಿರ್ದೇಶಕರ ಮೇಜಿನ ಮೇಲೆಯೇ ಇತ್ತು. ಅವರು ಕೆಟ್ಟವರಲ್ಲ, ಹೆದರಿದವರು. “ನಾಳೆಯ ವಿಚಾರಣೆ ಅದರ ಪಾಡಿಗೆ ಮುಗೀಲಿ. ಆಮೇಲೆ ಪರಿಷ್ಕೃತ ವರದಿ ಅಂತ ಒಂದು ಕೊಟ್ಟರಾಯ್ತು. ಸಂಸ್ಥೆಯ ಹೆಸರು, ನಿಮ್ಮ ಹೆಸರು, ಎರಡೂ ಉಳಿಯುತ್ತೆ” ಎಂದರು.

“ಆಮೇಲೆ ಕೊಟ್ಟರೆ ಆ ಮನುಷ್ಯ ಕೆಲಸದಲ್ಲಿ ಇರಲ್ಲ ಸಾರ್” ಎಂದರು ನಮ್ಮವರು. ಅಷ್ಟೇ ಹೇಳಿ ಎದ್ದರು.

ಇನ್ನು ನನ್ನ ಪೌರುಷವನ್ನೂ ಬರೆಯಬೇಕಲ್ಲ. ಮೆಟ್ಟಿಲಿಳಿಯುವಾಗ ನಾನು ಅವರನ್ನು ತಡೆದು, ನನ್ನ ಹೆಸರು ಎತ್ತಬೇಡಿ ಸಾರ್ ಎಂದು ಕೇಳಿಕೊಂಡೆ. ಮುಂದಿನ ಮುಖ್ಯಸ್ಥೆಯೆಂದು ನನ್ನ ಹೆಸರು ಆಗಲೇ ಓಡಾಡುತ್ತಿತ್ತು. ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. “ಎತ್ತಲ್ಲಮ್ಮ” ಎಂದರು, ಇದೇನು ಮಹಾ ಎನ್ನುವ ಹಾಗೆ.

ಗುರುವಾರ ನಾನು ರಜೆ ಹಾಕಿ, ವಿಚಾರಣೆಯ ಕೊಠಡಿಯ ಕೊನೆಯ ಸಾಲಿನಲ್ಲಿ ಹೋಗಿ ಕೂತೆ. ಮುಂದೆ ಮೂವರು ಅಧಿಕಾರಿಗಳು. ಒಂದು ಬದಿಗೆ ಚಾಲಕರು; ಇನ್ನೊಂದು ಬದಿಗೆ, ಕೋಲೂರಿಕೊಂಡು ಬಂದ ನರ್ಸಮ್ಮನವರು. ನಾಲ್ಕು ತಿಂಗಳಿಂದ ಅವರು ಆ ಚಾಲಕರ ಮುಖ ನೋಡಿರಲಿಲ್ಲ, ಅಂದೂ ನೋಡಲಿಲ್ಲ. ಸಾರ್ ನಿಂತುಕೊಂಡೇ ಮಾತಾಡಿದರು. ಎರಡು ದೀಪಗಳ ವ್ಯತ್ಯಾಸ, ಗಾಳಿ ಬೀಸಿದಾಗಿನ ಅಂಕಿ, ಬೀಸದಿದ್ದಾಗಿನ ಅಂಕಿ, ತಮ್ಮ ಪುಸ್ತಕದ ಆ ಸಾಲು. ಲಾರಿಯ ಹಿಂದೆ ನಲವತ್ತು ನಿಮಿಷ ತೆವಳಿದ ಗಾಡಿಯ ದೀಪಕ್ಕೆ ಗಾಳಿ ತಾಗಿಲ್ಲ, ಎಂಜಿನ್ನಿನ ಶಾಖ ಮಾತ್ರ ತಾಗಿದೆ. ಬೆಳಗಿನವರೆಗೆ ತಣ್ಣಗಾದ ದೀಪ ಮೆಕ್ಯಾನಿಕ್‌ಗೆ ಪೂರ್ತಿ ಬೆಳಕನ್ನೇ ತೋರಿಸಿದೆ. ಕೊನೆಗೆ, “ನನ್ನ ವರದಿ ತಪ್ಪು. ಈ ಚಾಲಕರ ಮಾತು ಸರಿ” ಎಂದರು.

ವಿಚಾರಣಾಧಿಕಾರಿಗಳು ಕನ್ನಡಕ ತೆಗೆದು ಕೇಳಿದರು: “ಆವತ್ತು ಫ್ಯಾನ್ ಹಾಕಿದ್ದು ಯಾರು?”

“ಫ್ಯಾನ್ ನಂದು” ಎಂದರು ಸಾರ್.

ಸುಳ್ಳಾಡದೆ ನನ್ನನ್ನು ಉಳಿಸುವ ಮಾತನ್ನು ಅವರು ಅದೆಲ್ಲಿಂದ ಹುಡುಕಿದರೋ! ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಕುರ್ಚಿ ಹಿಂದಕ್ಕೆ ಉರುಳಿದ್ದು ಕೂಡ ತಿಳಿಯದೆ ಎದ್ದು ನಿಂತಿದ್ದೆ. “ಹಾಕಿದ್ದು ನಾನು ಸಾರ್. ಅಳೆದದ್ದೂ ನಾನು. ಇವರು ಬಂದು ಕೇಳಿಕೊಂಡಾಗ ಬಾಗಿಲಲ್ಲೇ ಕಳಿಸಿದ್ದೂ ನಾನೇ” ಎಂದು ಕೂಗಿದೆ. ಕೂಗುವ ಅಗತ್ಯವಿರಲಿಲ್ಲ, ಆದರೆ ಮೆಲ್ಲಗೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಆರೋಪ ಬಿದ್ದುಹೋಯಿತು, ಇನ್ನೂರು ವಾಹನಗಳ ದೀಪ ಬದಲಿಸಲು ಅಂದೇ ಆದೇಶವಾಯಿತು. ಚಾಲಕರು ಸಾರ್ ಎದುರಿಗೆ ಬಂದು ನಿಂತರು, ಕೈ ಮುಗಿಯಲು ಹೋಗಿ ಆಗದೆ ಬಿಟ್ಟರು. “ನಾನು ಮಲಗಿದ್ದೆ ಅಂತ ನಾನೇ ನಂಬಿಬಿಟ್ಟಿದ್ದೆ ಸಾರ್. ಹೆಂಡತಿ ಹತ್ರನೂ ಹಾಗೇ ಹೇಳಿದ್ದೆ” ಎಂದು ಚಿಕ್ಕ ಮಕ್ಕಳ ಹಾಗೆ ಅತ್ತರು. ಅಷ್ಟರಲ್ಲಿ ನರ್ಸಮ್ಮನವರು ಕೋಲೂರಿಕೊಂಡು ಹತ್ತಿರ ಬಂದರು. ಆ ಕೋಲನ್ನು ಚಾಲಕರ ಕೈಗೆ ಕೊಟ್ಟು, “ಇದನ್ನ ಹಿಡ್ಕೊಳಿ ಅಣ್ಣ. ಮೆಟ್ಟಿಲು ಇಳೀಬೇಕು, ನಿಮ್ಮ ಭುಜ ಕೊಡಿ” ಎಂದರು.

ಸಾರ್ ಅವರ ಮುಂದುವರಿಕೆಯ ಆದೇಶ ಆಮೇಲೆ ಕಾಣಿಸಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು, ಮುಖ್ಯಸ್ಥೆಯ ಹುದ್ದೆ ಒಂದು ವರ್ಷ ಮುಂದಕ್ಕೆ ಹೋಯಿತು. ಅವರ ಕೊನೆಯ ದಿನ ಸಂಸ್ಥೆಯಲ್ಲಿ ಸಮಾರಂಭ ನಡೆಯಲಿಲ್ಲ. ಈ ಅಭಿನಂದನ ಗ್ರಂಥ ಹೊರಬರುತ್ತಿರುವುದು ಆಂಬ್ಯುಲೆನ್ಸ್ ಚಾಲಕರ ಸಂಘದಿಂದ ಎಂಬುದನ್ನು ಓದುಗರು ಮುಖಪುಟದಲ್ಲೇ ಗಮನಿಸಿರಬಹುದು.

ನಿವೃತ್ತರಾದ ಮರುವಾರವೇ ಸಾರ್ ಒಂದು ಪಟ್ಟಿ ಹಿಡಿದು ಬಂದರು. ಆ ಫ್ಯಾನಿನ ಗಾಳಿಯಲ್ಲಿ ನಾವು ಅಳೆದ ಎಲ್‌ಇಡಿ ಹೆಡ್‌ಲೈಟುಗಳು ಇನ್ನೂ ಹದಿನಾಲ್ಕು ಬಗೆಯವು ಇವೆ. ಸಂಬಳವಿಲ್ಲ, ಹುದ್ದೆಯಿಲ್ಲ, ಸಂದರ್ಶಕರ ಪುಸ್ತಕದಲ್ಲಿ ದಿನವೂ ಸಹಿ ಮಾಡಿ ಒಳಗೆ ಬಂದು ಒಂದೊಂದನ್ನೇ ಮತ್ತೆ ಅಳೆಯುತ್ತಿದ್ದಾರೆ. ಒಂಬತ್ತು ಮುಗಿದಿವೆ, ಅದರಲ್ಲಿ ಎರಡರ ಬೆಳಕು ಕುಗ್ಗಿತು, ಎರಡನ್ನೂ ಬಳಕೆಯಿಂದ ಹಿಂತೆಗೆಸಿದೆವು. ಉಳಿದ ಐದರ ವಿಷಯ ನಮಗಿನ್ನೂ ಗೊತ್ತಿಲ್ಲ. ನಾನು ಇದನ್ನು ಬರೆಯುವಾಗಲೂ ನೀವು ಓದುವಾಗಲೂ ಆ ದೀಪಗಳನ್ನು ನಂಬಿಕೊಂಡು ಯಾರೋ ಯಾವುದೋ ಏರನ್ನು ಹತ್ತುತ್ತಿರುತ್ತಾರೆ.

ಇಂಥ ಲೇಖನದ ಕೊನೆಯಲ್ಲಿ ಆಯುರಾರೋಗ್ಯ ಕೋರುವುದು ವಾಡಿಕೆ. ನಾನೂ ಕೋರುತ್ತೇನೆ, ಆದರೆ ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ, ಅವಸರವೂ ಇದೆ. ಸಾರ್, ನೂರು ವರ್ಷ ಬಾಳಿ. ಸೋಮವಾರ ಹತ್ತು ಗಂಟೆಗೆ ಮಾತ್ರ ದಯವಿಟ್ಟು ತಡ ಮಾಡಬೇಡಿ.